ದಪ್ಪ ಕಿವಿಯ ಡಾಕ್ಟರು

ನನ್ನ ಕಿವಿಗಳಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಜನ ಯಾವಾಗಲೂ ಅಲ್ಲಿಂದಲೇ ಶುರು ಮಾಡುತ್ತಿದ್ದರು. ಎಡಗಿವಿ ಕರಿದ ಹಪ್ಪಳದ ಹಾಗೆ ಮುದುಡಿಕೊಂಡಿದೆ. ಬಲಗಿವಿ ಉಬ್ಬಿ ಗಂಟಾಗಿದೆ. ಮೂಗು ಎರಡು ಸಲ ಮುರಿದು ನಡುವೆ ತಗ್ಗು ಬಿದ್ದಿದೆ. ಬಲಗೈಯ ಒಂದು ಬೆರಳು ಸೊಟ್ಟಗಿದೆ. ಇಷ್ಟೂ ರಗ್ಬಿ ಎಂಬ ಆಟದ ಕೊಡುಗೆ. ದೇಶದ ಪರವಾಗಿ ಆಡಿ ನಾನು ಗಳಿಸಿದ ಪದಕಗಳು ಇವೇ. ಬೇರೆ ಪದಕ ಬರಲಿಲ್ಲ. ಆಡಿದ ಮೂರೂ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಸೋತು ಬಂದೆವು.

ರಾಯಚೂರಿನಲ್ಲಿ ಹುಟ್ಟಿ ಬೆಳೆದವನಿಗೆ ಈ ಆಟ ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ಡಾಕ್ಟರಿಕೆ ಓದಲು ಮುಂಬಯಿಗೆ ಹೋದಾಗ ಒಬ್ಬ ಹಿರಿಯ ವಿದ್ಯಾರ್ಥಿ ನನ್ನ ಮುಖ ನೋಡಲಿಲ್ಲ, ಕುತ್ತಿಗೆ ನೋಡಿದ. ಮಾರನೆಯ ದಿನವೇ ಮೈದಾನಕ್ಕೆ ಎಳೆದುಕೊಂಡು ಹೋದ. ಪಪ್ಪಾಯಿ ಆಕಾರದ ಚೆಂಡು, ಅದರ ಹಿಂದೆ ಮೂವತ್ತು ಜನ. ನಡುನಡುವೆ ಎರಡೂ ಕಡೆಯ ಎಂಟೆಂಟು ಮಂದಿ ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ಒಬ್ಬರನ್ನೊಬ್ಬರು ನೂಕಬೇಕು. ನಾನು ಅದರಲ್ಲಿ ಮೊದಲ ಸಾಲಿನವನು. ಎದುರಾಳಿಯ ತಲೆಗೆ ಉಜ್ಜಿ ಉಜ್ಜಿ, ರಕ್ತ ಕಟ್ಟಿ, ಕಿವಿಗಳು ಹೀಗಾದವು. ನಮ್ಮಪ್ಪ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಿನವನಿಗೇ ಎಸೆಯಬೇಕು ಎಂದು ನಾನು ಆಟದ ನಿಯಮ ವಿವರಿಸಿದಾಗ ಅವರು ಸ್ವಲ್ಪ ಯೋಚಿಸಿ, ಹಾಗಾದರೆ ನೀವು ಸೋತದ್ದರಲ್ಲಿ ಆಶ್ಚರ್ಯವೇನೂ ಇಲ್ಲ ಎಂದರು.

ಮೂರನೆಯ ಪಂದ್ಯದಲ್ಲಿ, ಪರದೇಶದ ಒದ್ದೆ ಮೈದಾನದಲ್ಲಿ, ನನ್ನ ಎಡ ಮೊಳಕೈ ನಾಲ್ಕೈದು ಜನರ ಕೆಳಗೆ ಸಿಕ್ಕಿ ತಿರುಚಿತು. ಒಂದು ತಿಂಗಳು ಕಿರುಬೆರಳು ಜೋಮು ಹಿಡಿದಂತಿತ್ತು. ಆಮೇಲೆ ಸರಿಹೋಯಿತು. ಆ ಪೆಟ್ಟನ್ನು ನಾನು ಬೇಕಾದುದಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಂಡೆ. ಮುಂದೆ ಆದ ಅನಾಹುತಕ್ಕೆಲ್ಲ ಆ ನೆನಪೇ ಮೂಲ.

ಆಟ ಬಿಟ್ಟು, ಚರ್ಮರೋಗದ ಓದು ಮುಗಿಸಿ ಊರಿಗೆ ಬಂದದ್ದು ಎಪ್ಪತ್ತರ ದಶಕದ ನಡುಭಾಗದಲ್ಲಿ. ರಾಯಚೂರಿನಲ್ಲಿ ದವಾಖಾನೆ ತೆರೆದೆ. ವಾರಕ್ಕೊಂದು ದಿನ ದೇವದುರ್ಗ, ಒಂದು ದಿನ ಮಾನ್ವಿ. ಮಾನ್ವಿಯಲ್ಲಿ ಒಂದು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದೆ. ಅಂಗಡಿಯ ಯಜಮಾನರ ಅಣ್ಣ ನನ್ನ ಕಂಪೌಂಡರ್ ಆದರು. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ, ಔಷಧಿ ಬಾಟಲಿಗಳ ಜೊತೆ ಮೌನ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಬುದ್ಧಿಯಲ್ಲಿ ಇನ್ನೂ ಹೆಚ್ಚು.

ಬರುತ್ತಿದ್ದ ರೋಗಿಗಳಲ್ಲಿ ಮುಕ್ಕಾಲು ಪಾಲು ಕಜ್ಜಿ, ತುರಿ, ಹುಳುಕಡ್ಡಿ. ಮದುವೆ ಗೊತ್ತಾಗಿದೆ, ಹುಡುಗಿಯನ್ನು ಹದಿನೈದು ದಿನದಲ್ಲಿ ಬೆಳ್ಳಗೆ ಮಾಡಿಕೊಡಿ ಎಂದು ಬರುವವರೂ ಇದ್ದರು. ಅವರನ್ನು ಬೈದು ಕಳಿಸುತ್ತಿದ್ದೆ. ಉಳಿದ ಪಾಲು ಬೇರೆ. ಅದರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ದೊಡ್ಡ ರೋಗ ಎನ್ನುತ್ತಿದ್ದರು. ಕುಷ್ಠ. ಮೈಮೇಲೆ ಒಂದು ಬಿಳಿಚಿದ ಮಚ್ಚೆ, ಅದರೊಳಗೆ ಸ್ಪರ್ಶವಿಲ್ಲ. ಆಮೇಲೆ ನರ ದಪ್ಪವಾಗುತ್ತದೆ, ಬೆರಳು ಮಡಚುತ್ತದೆ, ಕಿವಿ ಉಬ್ಬುತ್ತದೆ, ಮೂಗು ಕುಸಿಯುತ್ತದೆ.

ಅದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ. ರೋಗಿಗೆ ಕಣ್ಣು ಮುಚ್ಚಲು ಹೇಳಬೇಕು. ಹತ್ತಿಯ ಎಳೆಯಿಂದ ಮೈಮೇಲೆ ಅಲ್ಲಲ್ಲಿ ಮುಟ್ಟಬೇಕು. ಮುಟ್ಟಿದ ಕಡೆ ಅವನು ಬೆರಳಿಟ್ಟು ತೋರಿಸಬೇಕು. ಇಲ್ಲಿ, ಇಲ್ಲಿ, ಇಲ್ಲಿ ಎಂದು ತೋರಿಸುತ್ತಾ ಬಂದವನು ಒಂದು ಕಡೆ ಸುಮ್ಮನೆ ಕಾಯುತ್ತಾನೆ. ಹತ್ತಿ ಮೈಮೇಲೆ ಇರುತ್ತದೆ, ಅವನು ಇನ್ನೂ ಮುಟ್ಟಿಲ್ಲವೆಂದುಕೊಂಡು ಕಾಯುತ್ತಲೇ ಇರುತ್ತಾನೆ. ಆ ಕಾಯುವ ಮುಖವನ್ನು ನೋಡುವುದು ನನಗೆ ಎಂದೂ ರೂಢಿಯಾಗಲಿಲ್ಲ.

ದೇವದುರ್ಗದ ಒಬ್ಬ ಮುದುಕಿ ಮೊದಲ ಸಲ ಕೇಳಿದಳು. ನನ್ನ ಕಿವಿ ನೋಡಿ, ಮೂಗು ನೋಡಿ, ಸೊಟ್ಟ ಬೆರಳು ನೋಡಿ, ದನಿ ಇಳಿಸಿ, ನಿಮಗೂ ಬಂದಿತ್ತೇನು ಎಂದಳು. ನಾನು ಗಹಗಹಿಸಿ ನಕ್ಕು ಪಪ್ಪಾಯಿ ಚೆಂಡಿನ ಕತೆ ಹೇಳಿದೆ. ಅವಳು ನಂಬಲಿಲ್ಲ. ಡಾಕ್ಟರಿಕೆ ಕಲಿತವರು ಅಂಥ ಆಟ ಯಾಕೆ ಆಡುತ್ತಾರೆ ಎನ್ನುವುದು ಅವಳ ಪ್ರಶ್ನೆ.

ಆಮೇಲೆ ಬಂದವನು ಕಲ್ಲುಕುಟಿಗ. ದೇವದುರ್ಗದ ಮಗ್ಗುಲಿನ ಹಳ್ಳಿಯವನು, ನನ್ನದೇ ವಯಸ್ಸು, ನನ್ನದೇ ಗಾತ್ರ. ನಮ್ಮ ತಂಡದಲ್ಲಿ ಇಂಥವನೊಬ್ಬ ಇದ್ದಿದ್ದರೆ ಒಂದಾದರೂ ಪಂದ್ಯ ಗೆಲ್ಲುತ್ತಿದ್ದೆವು ಎಂದು ಅವನನ್ನು ಕಂಡ ಕೂಡಲೇ ಅನ್ನಿಸಿತು. ಎಡಗೈಯ ಹೆಬ್ಬೆರಳಿಗೆ ಸುತ್ತಿಗೆ ಬಿದ್ದಿತ್ತು. ನೋವು ಆಗಿರಲಿಲ್ಲ, ಕಲ್ಲಿನ ಮೇಲೆ ರಕ್ತ ಕಂಡ ಮೇಲೆ ಗೊತ್ತಾಗಿತ್ತು. ಜೊತೆಯ ಕಲ್ಲುಕುಟಿಗರು ಅವನ ಕೈಗೆ ದೇವರ ವರ ಇದೆ ಎಂದು ಹೊಟ್ಟೆಕಿಚ್ಚುಪಟ್ಟಿದ್ದರಂತೆ. ಎಷ್ಟು ಹೊಡೆದರೂ ನೋಯದ ಕೈ ಆ ಕಸುಬಿನಲ್ಲಿ ಯಾರಿಗೆ ಬೇಡ? ಅವನೂ ಎರಡು ವರ್ಷ ಅದನ್ನು ವರವೆಂದೇ ತಿಳಿದಿದ್ದ.

ನಾನು ರೋಗದ ಹೆಸರು ಹೇಳಿದಾಗ ಅವನು ಎದ್ದು ನಿಂತ. ಜೊತೆಗೆ ಬಂದಿದ್ದ ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ವರ್ಷಗಟ್ಟಲೆ ಗುಳಿಗೆ ತಿನ್ನಬೇಕು, ಆದರೆ ಕೈ ಉಳಿಯುತ್ತದೆ ಎಂದೆ. ಅವನಿಗೆ ಅದೆಲ್ಲ ಬೇಕಿರಲಿಲ್ಲ. ಈ ರೋಗ ಬಂದವರ ಕೈ ಉಳಿದದ್ದನ್ನು ತಾನು ಕಂಡಿಲ್ಲ, ಸುಳ್ಳು ಭರವಸೆ ಬೇಡ ಎಂದು ಬಾಗಿಲ ಕಡೆ ತಿರುಗಿದ. ಅವನು ಹೋದರೆ ಮತ್ತೆ ಬರುವುದಿಲ್ಲ ಎಂದು ಗೊತ್ತಿತ್ತು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

"ನನಗೂ ಬಂದಿತ್ತಪ" ಎಂದೆ. "ಈ ಕಿವಿ ನೋಡು, ಮೂಗು ನೋಡು. ಇದ ಗುಳಿಗಿ ತಿಂದೆ. ಈಗ ನೋಡು, ಹತ್ತು ಬೆರಳೂ ಅದಾವ."

ಅವನು ಹಿಂತಿರುಗಿ ಬಂದು ಕೂತ. ನನ್ನ ಎರಡೂ ಕೈ ಹಿಡಿದು, ಕಲ್ಲಿನ ಬಿರುಕು ಹುಡುಕುವವನ ಹಾಗೆ ಒಂದೊಂದೇ ಬೆರಳು ತಿರುವಿ ನೋಡಿದ. ಗುಳಿಗೆಗಳನ್ನು ತಂಬಾಕಿನ ಡಬ್ಬಿಯಲ್ಲಿ ಹಾಕಿಕೊಂಡು ಹೋದ. ತಿಂಗಳಿಗೊಮ್ಮೆ ತಪ್ಪದೆ ಬಂದ. ಅವನ ಹಿಂದೆ ಇನ್ನೂ ಹಲವರು ಬಂದರು. ರೋಗ ಮುಚ್ಚಿಟ್ಟುಕೊಂಡಿದ್ದವರು, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೂಡಿಹಾಕಲ್ಪಟ್ಟವರು, ಎಲ್ಲರೂ ಬಂದು ಮೊದಲು ನನ್ನ ಕಿವಿ ನೋಡುತ್ತಿದ್ದರು. ಕೇಳಿದವರಿಗೆಲ್ಲ ಹೌದು ಎನ್ನುತ್ತಿದ್ದೆ. ಒಂದು ಸುಳ್ಳಿಗೆ ಇಷ್ಟು ಜನ ಬದುಕುವುದಾದರೆ ಹೇಳೋಣ ಬಿಡು ಎಂದುಕೊಂಡೆ. ನಿಜ ಹೇಳಬೇಕೆಂದರೆ, ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ.

ಒಂದು ಮುಸ್ಸಂಜೆ ಈ ಸಂಗತಿಯನ್ನು ಅವ್ವನ ಮುಂದೆ ಹೇಳಿ ನಕ್ಕೆ. ಅವ್ವ ದೇವರ ಮುಂದೆ ದೀಪ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ಅವಳ ಮುಖ ನೋಡಿ ನನ್ನ ನಗು ಅಲ್ಲೇ ನಿಂತಿತು.

"ದೀಪ ಹಚ್ಚೋ ಹೊತ್ತಿನ್ಯಾಗ ಅಂಥಾ ಮಾತು ಆಡತಾರೇನೋ? ಅಸ್ತು ಅನ್ನೋ ದೇವ್ರು ಮ್ಯಾಲ ಅಡ್ಡಾಡತಿರತಾವ."

ನಾನು ಅಸ್ತು ದೇವರನ್ನು ನಂಬುವವನಲ್ಲ. ಆದರೆ ಆ ಮಾತು ನನ್ನ ಜೊತೆಗೇ ಉಳಿಯಿತು. ಅವ್ವ ಮರುದಿನ ಉಪವಾಸ ಮಾಡಿದಳು, ಕಾರಣ ಹೇಳಲಿಲ್ಲ.

ಎರಡು ಮೂರು ವರ್ಷ ಹೋದವು. ಎಂಬತ್ತರ ದಶಕ ಶುರುವಾಗಿತ್ತು. ನನ್ನ ಎಡಗೈಯ ಕಿರುಬೆರಳಿನಲ್ಲಿ ಮತ್ತೆ ಜೋಮು ಕಾಣಿಸಿತು. ಆಟದ ಹಳೆಯ ಪೆಟ್ಟು ಎಂದುಕೊಂಡೆ. ಅಂಗಿಯ ಗುಂಡಿ ಹಾಕುವಾಗ ಬೆರಳು ತಡವರಿಸಿದರೆ ಆಟದ ಪೆಟ್ಟು. ಎಡಗೈಯ ಲೋಟ ಜಾರಿದಾಗ ಹೆಂಡತಿ ಏನಾಯಿತೆಂದು ಕೇಳಿದರೆ ಆಟದ ಪೆಟ್ಟು. ಬೇರೆ ಯಾರಾದರೂ ಇದೇ ದೂರು ಹೊತ್ತು ಬಂದಿದ್ದರೆ ಎರಡು ನಿಮಿಷದಲ್ಲಿ ಕಣ್ಣು ಮುಚ್ಚಿಸಿ ಹತ್ತಿ ಹಿಡಿಯುತ್ತಿದ್ದೆ. ನನ್ನ ಮೈಗೆ ಮಾತ್ರ ಬೇರೆ ನ್ಯಾಯ.

ಮಾನ್ವಿಯಲ್ಲಿ ಒಂದು ಮಧ್ಯಾಹ್ನ ರೋಗಿಯೊಬ್ಬನ ಜೊತೆ ಮಾತಾಡುತ್ತಾ ಎಡಗೈ ಮೇಜಿನ ಮೇಲೆ ಊರಿದ್ದೆ. ಸೂಜಿ ಕುದಿಸುವ ಡಬ್ಬಿ ಪಕ್ಕದಲ್ಲಿತ್ತು. ಕಂಪೌಂಡರ್ ಸದ್ದಿಲ್ಲದೆ ಹತ್ತಿರ ಬಂದು ನನ್ನ ಮಣಿಕಟ್ಟು ಹಿಡಿದು ಎತ್ತಿದರು.

"ಕೈ ಸುಡಾಕತ್ತದ, ಸಾಬ್" ಎಂದರು.

ಕಿರುಬೆರಳಿನ ಅಂಚು ಬೆಳ್ಳಗಾಗಿ ಬೊಕ್ಕೆ ಏಳುತ್ತಿತ್ತು. ನನಗೆ ಏನೂ ಅನ್ನಿಸಿರಲಿಲ್ಲ. ಆಟದ ಪೆಟ್ಟು ಎಂದೆ. ಅವರು ಮುಲಾಮು ಹಚ್ಚಿದರು. ಆ ದಿನದಿಂದ ಎಲ್ಲ ರೋಗಿಗಳು ಹೋದ ಮೇಲೆ ಮೇಜಿನ ಮೇಲೆ ನನ್ನ ಕುರ್ಚಿಯ ಎದುರಿಗೆ ಒಂದು ಹತ್ತಿಯ ಎಳೆ ಹೊಸೆದು ಇಟ್ಟಿರುತ್ತಿದ್ದರು. ನಾನು ಅದನ್ನು ಕಸದ ಬುಟ್ಟಿಗೆ ಹಾಕಿ ಎದ್ದು ಬರುತ್ತಿದ್ದೆ. ಮುಂದಿನ ವಾರ ಮತ್ತೆ ಒಂದು ಇರುತ್ತಿತ್ತು. ಆ ಎಳೆಯನ್ನು ಕಂಡರೆ ನನಗೆ ಹಾವು ಕಂಡಷ್ಟು ಭಯವಾಗತೊಡಗಿತು.

ಹೀಗೆ ಏಳೆಂಟು ತಿಂಗಳು ಕಳೆದೆ. ಕಡೆಗೊಂದು ಬೆಳಿಗ್ಗೆ ಸ್ನಾನದ ಮನೆಯಲ್ಲಿ, ಬಾಗಿಲ ಚಿಲಕ ಹಾಕಿಕೊಂಡು, ಬಲಗೈ ಬೆರಳಿನಿಂದ ಎಡ ಮೊಳಕೈಯ ಹಿಂದೆ ತಡವಿದೆ. ಸಾವಿರ ಮೊಳಕೈ ಮುಟ್ಟಿದ ಬೆರಳಿಗೆ ಹೇಳಿಕೊಡಬೇಕಾಗಿರಲಿಲ್ಲ. ನರ ಹಗ್ಗದಷ್ಟು ದಪ್ಪವಾಗಿತ್ತು. ಕನ್ನಡಿಗೆ ಬೆನ್ನು ಮಾಡಿ ನೋಡಿದರೆ ತೋಳಿನ ಹಿಂಭಾಗದಲ್ಲಿ, ನನ್ನ ಕಣ್ಣಿಗೆ ಬೀಳದ ಜಾಗದಲ್ಲಿ, ಅಂಗೈ ಅಗಲದ ಮಚ್ಚೆ. ಹೊರಗೆ ಮಗಳು ಶಾಲೆಗೆ ಹೊತ್ತಾಯಿತೆಂದು ಬಾಗಿಲು ಬಡಿಯುತ್ತಿದ್ದಳು.

ಈ ರೋಗಾಣು ಮೈಹೊಕ್ಕ ಮೇಲೆ ಹೊರಗೆ ಕಾಣಿಸಿಕೊಳ್ಳಲು ವರ್ಷಗಳು ಹಿಡಿಯುತ್ತವೆ. ನಮ್ಮ ಸೀಮೆಯಲ್ಲಿ ಚಿಕ್ಕಂದಿನಲ್ಲೇ ಒಳಹೊಕ್ಕಿರಲೂಬಹುದು. ಅಂದರೆ ಕಲ್ಲುಕುಟಿಗನಿಗೆ ಸುಳ್ಳು ಹೇಳಿದ ದಿನವೇ ಬಹುಶಃ ಅದು ಸುಳ್ಳಾಗಿರಲಿಲ್ಲ. ಅಸ್ತು ದೇವರು ಬೇಕಾಗಿಯೇ ಇರಲಿಲ್ಲ.

ಗುಳಿಗೆ ಶುರು ಮಾಡಿದೆ. ಹೆಂಡತಿಗೆ ಹೊಟ್ಟೆಯ ತೊಂದರೆ ಎಂದೆ. ನನ್ನ ಬಗೆಯ ರೋಗ ಬೇರೆಯವರಿಗೆ ಅಂಟುವ ಸಂಭವ ತೀರಾ ಕಡಿಮೆ ಎಂದು ಪುಸ್ತಕದಲ್ಲಿ ಓದಿದ್ದೆ, ಸಾವಿರ ಸಲ ಜನರಿಗೆ ಹೇಳಿದ್ದೆ. ಆದರೂ ಪ್ರತಿ ಭಾನುವಾರ ಎಣ್ಣೆ ಹಚ್ಚುವ ನೆಪದಲ್ಲಿ ಮಗಳ ಬೆನ್ನು, ತೋಳು ಹುಡುಕುತ್ತಿದ್ದೆ. ಕಣ್ಣು ಮುಚ್ಚಿಸಿ ಹತ್ತಿಯಿಂದ ಮುಟ್ಟುತ್ತಿದ್ದೆ. ಅವಳಿಗೆ ಅದೊಂದು ಆಟ. ಅವಳು ಒಮ್ಮೆಯೂ ತಪ್ಪಲಿಲ್ಲ, ನಾನು ಮಾತ್ರ ಪ್ರತಿ ಸಲ ಬೆವರುತ್ತಿದ್ದೆ.

ಅದೇ ಹೊತ್ತಿಗೆ ನನ್ನ ಹಳೆಯ ಸುಳ್ಳು ದೇವದುರ್ಗದಿಂದ ಬಸ್ಸು ಹತ್ತಿ ರಾಯಚೂರಿಗೆ ಬಂತು. ಚರ್ಮದ ಡಾಕ್ಟರಿಗೆ ದೊಡ್ಡ ರೋಗ ಇತ್ತಂತೆ, ಅವರೇ ಹೇಳಿದ್ದಾರಂತೆ. ಮಗಳ ಶಾಲೆಯಲ್ಲಿ ಪಕ್ಕದ ಹುಡುಗಿಯ ತಾಯಿ ಬಂದು ತನ್ನ ಮಗಳ ಜಾಗ ಬದಲಿಸಿದಳು. ಮರುದಿನ ಇನ್ನೊಬ್ಬಳು. ವಾರ ಮುಗಿಯುವುದರೊಳಗೆ ಮಗಳು ಕಡೆಯ ಬೆಂಚಿನಲ್ಲಿ ಒಬ್ಬಳೇ. ಅವಳು ಮನೆಗೆ ಬಂದು, ತನಗೆ ಇಡೀ ಬೆಂಚು ಸಿಕ್ಕಿದೆ ಎಂದು ಖುಷಿಯಿಂದ ಹೇಳಿದಳು. ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದವಳು ನನ್ನನ್ನೇ ನೋಡಿದಳು.

"ನೀವ ಹಚ್ಚಿದ ಬೆಂಕಿ. ನೀವ ಆರಿಸ್ರಿ" ಎಂದಳು.

ಆರಿಸಲು ಹೋದೆ. ದೇವದುರ್ಗಕ್ಕೆ ಹೋಗುವಾಗ ಗೋಡೆಯ ಮೇಲಿದ್ದ ರಗ್ಬಿ ತಂಡದ ಫೋಟೋ ಕಟ್ಟು ಸಮೇತ ತೆಗೆದುಕೊಂಡೆ. ರೋಗಿಗಳು ಜಗಲಿಯ ತುಂಬ ಕೂತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ, ನನಗೆ ಆ ರೋಗ ಎಂದೂ ಬಂದಿಲ್ಲ, ಇದು ಆಟದ ಪೆಟ್ಟು, ಅಂದು ಹೇಳಿದ್ದು ನಿಮ್ಮ ಒಳ್ಳೆಯದಕ್ಕೆ ಹೇಳಿದ ಸುಳ್ಳು ಎಂದೆ. ಫೋಟೋ ಕೈಯಿಂದ ಕೈಗೆ ಹೋಯಿತು. ಕೆಲವರು ನಕ್ಕರು. ನಾನು ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೇ ಇದ್ದೆ. ಇಲ್ಲವೆಂದುಕೊಂಡಾಗ ಇದೆ ಎಂದಿದ್ದೆ, ಇದೆಯೆಂದು ಗೊತ್ತಿದ್ದಾಗ ಇಲ್ಲ ಎಂದೆ. ಎರಡರಲ್ಲಿ ಮೊದಲನೆಯದು ಪರೋಪಕಾರ, ಎರಡನೆಯದು ಬರೀ ಹೇಡಿತನ.

ಫೋಟೋ ಕಲ್ಲುಕುಟಿಗನ ಕೈಗೆ ಬಂತು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಬಂದು ಫೋಟೋ ಜಗಲಿಯಲ್ಲಿದ್ದ ನನ್ನ ಮೇಜಿನ ಮೇಲೆ ಇಟ್ಟ.

"ಹಂಗಾರ ಈ ಗುಳಿಗಿ ತಿಂದು ಆರಾಮಾದವ್ರು ಯಾರ್ರೀ?" ಎಂದು ಕೇಳಿದ.

ಬೇಕಾದಷ್ಟು ಜನ ಇದ್ದಾರೆ ಎಂದೆ. ಯಾರು, ಎಲ್ಲಿದ್ದಾರೆ ಎಂದು ಅವನು ಕೇಳಲಿಲ್ಲ. ಅಂಗಿಯ ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದು ಫೋಟೋದ ಪಕ್ಕದಲ್ಲಿಟ್ಟು, ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ. ಡಬ್ಬಿಯಲ್ಲಿ ಅರ್ಧ ತಿಂಗಳ ಗುಳಿಗೆ ಉಳಿದಿತ್ತು. ಕರೆಯಬೇಕೆಂದು ಬಾಯಿ ತೆರೆದೆ. ಜಗಲಿಯ ತುಂಬ ಜನರಿದ್ದರು, ಕರೆಯಲಿಲ್ಲ.

ಅವನು ಮುಂದಿನ ತಿಂಗಳು ಬರಲಿಲ್ಲ, ಅದರ ಮುಂದಿನದೂ ಬರಲಿಲ್ಲ. ಇನ್ನೂ ಕೆಲವರು ಬರುವುದು ಬಿಟ್ಟರು. ಶಾಲೆಯಲ್ಲಿ ಮಗಳ ಪಕ್ಕಕ್ಕೆ ಹುಡುಗಿಯರು ವಾಪಸ್ಸು ಬಂದರು. ಹೆಂಡತಿ ಸಮಾಧಾನಗೊಂಡಳು. ನಾನು ಆ ತಂಬಾಕಿನ ಡಬ್ಬಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದೆ. ನನಗೆ ಹೊಸ ಔಷಧಗಳು ಸಿಕ್ಕಿದ್ದವು, ತೋಳಿನ ಮಚ್ಚೆ ಮಾಸುತ್ತಿತ್ತು. ಕಿರುಬೆರಳು ಮಾತ್ರ ಹಾಗೇ ಇತ್ತು. ಸುಮ್ಮನೆ ಕಳೆದ ಆ ಏಳೆಂಟು ತಿಂಗಳಲ್ಲಿ ಅದರ ನರ ಸತ್ತಿತ್ತು. ಸ್ಪರ್ಶ ಎಂದಾದರೂ ಬಂದೀತೆಂಬ ಆಸೆ ನನಗಿರಲಿಲ್ಲ.

ಐದಾರು ತಿಂಗಳ ಮೇಲೆ ಮಾನ್ವಿಯಲ್ಲಿ ಕಂಪೌಂಡರ್ ಸುದ್ದಿ ತಂದರು. ಕಲ್ಲುಕುಟಿಗ ನೀರಮಾನ್ವಿಯ ಹತ್ತಿರ ಕಲ್ಲು ಕಡಿಯುತ್ತಿದ್ದಾನೆ. ಕೈಗೆ ಬಟ್ಟೆ ಸುತ್ತಿಕೊಂಡಿದ್ದಾನೆ, ಬಟ್ಟೆ ವಾಸನೆ ಬರುತ್ತಿದೆ, ಯಾರೋ ಕೊಟ್ಟ ಬೇರು ಕಟ್ಟಿಕೊಂಡಿದ್ದಾನೆ. ನಾನು ಏಳಲಿಲ್ಲ. ಅವರು ನನ್ನ ಬ್ಯಾಗು ತೆಗೆದುಕೊಂಡು ಬಾಗಿಲಲ್ಲಿ ನಿಂತರು.

"ಇವತ್ತು ನೀವು ಹೋಗಲಿಲ್ಲ ಅಂದ್ರ ನಾಳಿಂದ ನಾನು ಬರೂದಿಲ್ಲ, ಸಾಬ್."

ಹೊರಗೆ ಕೂತಿದ್ದ ರೋಗಿಗಳಿಗೆ ಕಾಯಲು ಹೇಳಿ ಇಬ್ಬರೂ ಹೊರಟೆವು. ಬಿಸಿಲು ಕಲ್ಲುಗುಂಡುಗಳ ಮೇಲೆ ಕಾದು ಕೂತಿತ್ತು. ಏಳೆಂಟು ಜನ ಉಳಿ ಹಿಡಿದಿದ್ದರು. ಅವನು ಒಂದು ಬಂಡೆಯ ಮರೆಯಲ್ಲಿ ಬೇರೆಯಾಗಿ ಕೂತಿದ್ದ. ನನ್ನನ್ನು ಕಂಡು ಏಳಲಿಲ್ಲ. ಬಟ್ಟೆ ಬಿಚ್ಚು ಎಂದರೆ ಬಿಚ್ಚಲಿಲ್ಲ. ಬಟ್ಟೆಯೊಳಗೆ ಹೆಬ್ಬೆರಳು ಇರಬೇಕಾದಷ್ಟು ಉದ್ದ ಇರಲಿಲ್ಲ. ಆ ಬೆರಳು ತಿಂದವನು ನಾನೇ.

ಗುಳಿಗೆ ಮತ್ತೆ ಶುರು ಮಾಡಿದರೆ ಉಳಿದ ಕೈ ಉಳಿಯುತ್ತದೆ ಎಂದೆ. ಅವನು ಸುತ್ತಿಗೆ ಕೆಳಗಿಟ್ಟ.

"ಒಮ್ಮೆ ಬಂದಿತ್ತು ಅಂದ್ರಿ. ಒಮ್ಮೆ ಬಂದಿಲ್ಲ ಅಂದ್ರಿ. ಖರೇ ಯಾವುದರೀ ಯಪ್ಪಾ?"

ಹೆಂಡತಿಗೆ ಹೇಳಿರಲಿಲ್ಲ, ಅವ್ವನಿಗೆ ಹೇಳಿರಲಿಲ್ಲ. ಅವನ ಎದುರು ನೆಲಕ್ಕೆ ಕೂತು ಅಂಗಿಯ ತೋಳು ಮೇಲಕ್ಕೆ ಸರಿಸಿದೆ. ತಿರುಗಿ ಮಚ್ಚೆ ತೋರಿಸಿದೆ. ಆಮೇಲೆ ಎಡಗೈಯನ್ನು ಅವನ ಮುಂದೆ ಚಾಚಿದೆ.

"ನೀನ ನೋಡು. ಕಣ್ಣು ಮುಚ್ಚತೀನಿ, ಮುಟ್ಟು" ಎಂದೆ.

ನೆಲದಿಂದ ಅವನು ಏನನ್ನೋ ಹೆಕ್ಕಿಕೊಂಡದ್ದು ಕೇಳಿಸಿತು. ಹೆಬ್ಬೆರಳಿನ ಬುಡಕ್ಕೆ ಮುಟ್ಟಿದ, ತೋರಿಸಿದೆ. ನಡುಬೆರಳಿಗೆ ಮುಟ್ಟಿದ, ತೋರಿಸಿದೆ. ಆಮೇಲೆ ಏನೂ ಇಲ್ಲ. ಆಚೆ ಉಳಿಗಳ ಸದ್ದು ಒಂದೊಂದಾಗಿ ನಿಂತಿತು. ಎಲ್ಲರೂ ನಮ್ಮ ಕಡೆ ನೋಡುತ್ತಿರಬೇಕು. ಬಿಸಿಲು ರೆಪ್ಪೆಯ ಮೇಲೆ ಕೆಂಪಗಿತ್ತು. ನಾನು ಕಾದೆ. ಅವನು ಅಳುಕುತ್ತಿದ್ದಾನೆ ಎಂದುಕೊಂಡು ಮತ್ತೆ ಹೇಳಿದೆ, ಮುಟ್ಟು ಎಂದು.

"ಮುಟ್ಟಿ ಭಾಳ ಹೊತ್ತಾತ್ರೀ" ಎಂದ.

ಕಣ್ಣು ತೆರೆದೆ. ಜೋಳದ ದಂಟಿನ ಸಿಬಿರು ನನ್ನ ಕಿರುಬೆರಳಿನ ಮೇಲೆ ಒತ್ತಿ ನಿಂತಿತ್ತು, ಚರ್ಮದಲ್ಲಿ ಗುಳಿ ಬಿದ್ದಿತ್ತು. ಅವನು ಸಿಬಿರನ್ನು ನನ್ನ ಬಲಗೈಗೆ ಕೊಟ್ಟ. ತನ್ನ ಕೈಯ ಬಟ್ಟೆ ಸುತ್ತು ಸುತ್ತಾಗಿ ಬಿಚ್ಚಿ, ಕೈಯನ್ನು ನನ್ನ ಮುಂದೆ ಚಾಚಿ, ಕಣ್ಣು ಮುಚ್ಚಿಕೊಂಡ.